ಅಪ್ಪ ಬಿಡದ ಹೆಸರು

ನಮ್ಮಪ್ಪ ಬಾರೆಂಟ್ ಓಸ್ಟ್ರಾಂಡರ್ ಹಡ್ಸನ್ ನದಿಯ ದಂಡೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಯಾರ ಮನಸ್ಸನ್ನೂ ನೋಯಿಸದವನು ಎಂದು ಊರೆಲ್ಲ ಹೊಗಳುತ್ತಿತ್ತು. ಬೆಂಕಿ ಬೀಳ ಆ ಒಳ್ಳೆಯತನಕ್ಕೆ!

ಸಾವಿರದ ಎಂಟುನೂರರ ಡಿಸೆಂಬರಿನಲ್ಲಿ, ನಮ್ಮ ರಾಜ್ಯದಿಂದ ಅಧ್ಯಕ್ಷರನ್ನು ಆರಿಸುವ ಹನ್ನೆರಡು ಮಂದಿಯಲ್ಲಿ ಅವನೂ ಒಬ್ಬ. ಆಗ ಒಬ್ಬೊಬ್ಬರೂ ಎರಡು ಹೆಸರು ಬರೆಯಬೇಕಿತ್ತು; ಯಾವುದು ಯಾವ ಪದವಿಗೆ ಎಂದು ಬರೆಯುವಂತಿರಲಿಲ್ಲ. ಹೆಚ್ಚು ಮತ ಬಿದ್ದವನು ಅಧ್ಯಕ್ಷ, ಅವನ ನಂತರದವನು ಉಪಾಧ್ಯಕ್ಷ. ಹಾಗಾಗಿ ಇಬ್ಬರಿಗೂ ಸಮ ಬೀಳದಂತೆ, ಪಕ್ಷದವರಲ್ಲಿ ಒಬ್ಬನಾದರೂ ಉಪಾಧ್ಯಕ್ಷನಾಗಬೇಕಾದವನ ಹೆಸರು ಬಿಡಲೇಬೇಕು.

"ಅವನು ನಮ್ಮ ರಾಜ್ಯದವನಮ್ಮಾ, ನಾನೇ ಹೇಗೆ ಬಿಡ್ಲಿ?" ಎಂದ ಅಪ್ಪ ನನಗೆ. "ದಕ್ಷಿಣದ ಕಡೆಯವರು ಬಿಡ್ತಾರೆ."

"ಯಾರೂ ಬಿಡ್ದಿದ್ರೆ?"

"ಎಪ್ಪತ್ತು ಚಿಲ್ಲರೆ ಜನ ಇದ್ದೀವಿ. ಒಬ್ಬನೂ ಬಿಡಲ್ವಾ?"

ಒಬ್ಬನೂ ಬಿಡಲಿಲ್ಲ. ಇಬ್ಬರಿಗೂ ಎಪ್ಪತ್ತಮೂರು ಮತ ಬಿದ್ದವು. ತೀರ್ಮಾನ ವಾಷಿಂಗ್ಟನ್ನಿನ ಸಂಸತ್ತಿಗೆ ಹೋಯಿತು. ಅಲ್ಲಿ ರಾಜ್ಯಕ್ಕೊಂದು ಮತ.

ನನ್ನ ಗಂಡ ಯೂಸ್ಟ್ ಮುದ್ರಕ. ಸರ್ಕಾರವನ್ನು ಬೈದು ಅಚ್ಚು ಹಾಕಿದ್ದಕ್ಕೆ ಜೈಲಿನಲ್ಲಿದ್ದ, ರಕ್ತ ಕೆಮ್ಮುತ್ತಿದ್ದ. ತಪ್ಪಾಯಿತೆಂದು ಬರೆದುಕೊಟ್ಟರೆ ಬಿಡುತ್ತೇವೆ ಎಂದಿದ್ದರು. "ಮಾರ್ಚಿಗೆ ನಮ್ಮವನು ಅಧ್ಯಕ್ಷನಾಗಿ ಬರ್ತಾನೆ, ಬಿಡಿಸ್ತಾನೆ" ಎಂದು ಇವನು ಹಟ ಹಿಡಿದು ಕೂತಿದ್ದ.

ಫೆಬ್ರವರಿ ಹದಿನೆಂಟು, ಬುಧವಾರ, ಸುದ್ದಿ ಬಂತು: ಮತ್ತೆ ಮತ್ತೆ ಮತ ಹಾಕಿದರೂ ಇತ್ಯರ್ಥವಾಗಿಲ್ಲ, ಹೀಗೇ ಮಾರ್ಚ್ ಬಂದರೆ ಎದುರು ಪಕ್ಷದವರು ತಮ್ಮವನನ್ನೇ ಕೂರಿಸುತ್ತಾರಂತೆ. ಹಿಮದಲ್ಲಿ ಬಿದ್ದು ಎದ್ದು ಜೈಲಿಗೆ ಓಡಿದೆ.

"ಸಹಿ ಹಾಕು, ಯೂಸ್ಟ್. ನಿನ್ನ ಕಾಲಿಗೆ ಬೀಳ್ತೀನಿ."

"ನಾನು ಸುಳ್ಳುಗಾರ ಅಂತ ನನ್ನ ಕೈಯಲ್ಲೇ ಬರೆಸ್ತೀಯೇನೇ?"

"ನೀನು ಸತ್ತ ಮೇಲೆ ನಿನ್ನ ಸತ್ಯ ಇಟ್ಕೊಂಡು ನಾನೇನು ಮಾಡ್ಲಿ?"

ನನ್ನ ಮುಖ ನೋಡದೆ ಸಹಿ ಹಾಕಿದ. ಎದುರು ಪಕ್ಷದ ಪತ್ರಿಕೆ ಅದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿತು.

ಐದನೆಯ ದಿನ ಚರ್ಚಿನ ಗಂಟೆ ಹೊಡೆದುಕೊಂಡಿತು. ಮೂವತ್ತಾರನೆಯ ಸಲಕ್ಕೆ ನಮ್ಮವನೇ ಗೆದ್ದಿದ್ದ. ಯಾವತ್ತು ಗೊತ್ತೇ? ಮಂಗಳವಾರ. ನಾನು ಜೈಲಿಗೆ ಓಡಿದ್ದಕ್ಕೆ ಒಂದು ದಿನ ಮೊದಲೇ. ಅಯ್ಯೋ ದೇವರೇ, ಆ ಸುದ್ದಿ ಇನ್ನೂ ದಾರಿಯಲ್ಲಿತ್ತು.

ಮೂರೂವರೆ ವರ್ಷದ ಮೇಲೆ ಕಾನೂನು ಬದಲಾಯಿತು. ಅಧ್ಯಕ್ಷನಿಗೆ ಬೇರೆ ಚೀಟಿ, ಉಪಾಧ್ಯಕ್ಷನಿಗೆ ಬೇರೆ. ಊಟದ ಮೇಜಿನಲ್ಲಿ ಅಪ್ಪ ಅದನ್ನು ಪತ್ರಿಕೆಯಿಂದ ಗಟ್ಟಿಯಾಗಿ ಓದಿದ.

ಯೂಸ್ಟ್ ರೊಟ್ಟಿ ಕೆಳಗಿಟ್ಟ. "ಒಂದು ಹೆಸರು ಬಿಡೋಕಾಗ್ಲಿಲ್ಲ ನಿಮಗೆ, ಮಾವ."

"ಆಗ್ಲಿಲ್ಲ ಕಣಪ್ಪಾ" ಎಂದ ಅಪ್ಪ.

ಯೂಸ್ಟ್ ಎದ್ದು ಗಿರಣಿಗೆ ಹೋದ. ಜೈಲಿನಿಂದ ಬಂದ ಮೇಲೆ ಅವನು ಅಚ್ಚುಮೊಳೆ ಮುಟ್ಟಿಲ್ಲ. ಅಪ್ಪನ ಹಿಟ್ಟಿನ ಚೀಲಗಳ ಬಾಯಿ ಹೊಲಿಯುತ್ತಾನೆ.