ಮದುಮಗಳು ಉಣಿಸಿದ ರೊಟ್ಟಿ

ಮೆಹಂದಿ ಹಚ್ಚಲು ಯಾದಗಿರಿಯಿಂದ ಶಹಾಪುರದ ಮದುವೆ ಮನೆಯೊಂದಕ್ಕೆ ಹೋಗಿದ್ದೆ. ಮದುಮಗಳು ಆಗಷ್ಟೇ ಸ್ನಾನಕ್ಕೆ ಹೋಗಿದ್ದಳು. ಅವಳ ಅಜ್ಜಿ ಪಡಸಾಲೆಯಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಸುಮ್ಮನೆ ಕೂರಲಾರದೆ ನಾನೂ ಕೈಹಾಕಿದೆ. ಅರ್ಧ ತಾಸಿನೊಳಗೆ ಬೆರಳೆಲ್ಲ ಧಗಧಗ ಉರಿಯತೊಡಗಿದವು. ನೀರಲ್ಲಿ ತೊಳೆದರೆ ಉರಿ ಇನ್ನಷ್ಟು ಏರಿತು. ಈ ಕೈಯಿಂದ ಮದುಮಗಳ ಅಂಗೈ ಹಿಡಿಯುವುದು ಹೇಗೆ? ನನಗೆ ಅಳುವೇ ಬಂತು.

“ಬರೇ ನೀರಿಗೆ ಖಾರ ಹೋಗ್ತದೇನವ್ವಾ? ಬಾ ಇಲ್ಲಿ,” ಎಂದು ಅಜ್ಜಿ ನನ್ನ ಕೈಗೆ ಶೇಂಗಾ ಎಣ್ಣೆ ತಿಕ್ಕಿ, ಬಟ್ಟೆಯಿಂದ ಒರೆಸಿ, ಸಾಬೂನು ಹಚ್ಚಿ ತೊಳೆಸಿದರು. ಆಮೇಲೆ ಎರಡೂ ಕೈಗಳನ್ನು ತಣ್ಣನೆ ಮೊಸರಿನ ಬೋಗುಣಿಯಲ್ಲಿ ಅದ್ದಿಸಿ, “ಉರಿ ಇಳಿಯೂತನಕ ತೆಗೀಬ್ಯಾಡ ನೋಡು,” ಎಂದರು.

ಅಷ್ಟರಲ್ಲಿ ಮದುಮಗಳು ಬಂದಳು. ನನ್ನ ಅವತಾರ ನೋಡಿ ಬಿದ್ದು ಬಿದ್ದು ನಕ್ಕಳು.

“ಊಟದ ಹೊತ್ತಾತು, ಬಾಯಿ ತಗೀರಿ ಅಕ್ಕಾ,” ಎನ್ನುತ್ತಾ ರೊಟ್ಟಿ ಮುರಿದು, ಬದನೆಕಾಯಿ ಪಲ್ಯ ಹಚ್ಚಿ ಬಾಯಿಗಿಟ್ಟಳು.

ಉರಿ ಇಳಿದ ಮೇಲೆ ಕೈ ತೊಳೆದು, ಅವಳ ಮೊಳಕೈವರೆಗೂ ಮೆಹಂದಿ ಬಿಡಿಸಿದೆ. ಮೆಹಂದಿ ಹಚ್ಚಿಕೊಂಡ ಮದುಮಗಳಿಗೆ ಮನೆಯವರು ಉಣಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಮದುಮಗಳಿಂದಲೇ ಉಣಿಸಿಕೊಂಡ ಮೆಹಂದಿಯವಳು ಮಾತ್ರ ನಾನೊಬ್ಬಳೇ ಇರಬೇಕು.