ಐದನೆಯ ಊರು ನೋಡಲಿಲ್ಲ

ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಅಯಸ್ಕಾಂತದ ಬಿಲ್ಲೆ ವಾರಕ್ಕೆ ಒಂದು ಬೆರಳಿನಷ್ಟು ಕೆಳಕ್ಕೆ ಜಾರುತ್ತಿತ್ತು. ಇದನ್ನು ನಾನು ಆರು ವಾರ ದಿನಚರಿಯಲ್ಲಿ ಗುರುತು ಹಾಕಿದ್ದೇನೆ. ಬೇರೆ ಕೆಲಸವಿಲ್ಲವೇ ಎಂದು ನೀವು ಕೇಳಿದರೆ ಅದು ನ್ಯಾಯವೇ. ಬಿಲ್ಲೆಯ ಮೇಲೆ ಇಟಲಿಯ ಕಡಲತೀರದ ಐದು ಊರುಗಳ ಪರವಾಗಿ ಐದು ಬಣ್ಣದ ಮನೆಗಳಿವೆ. ಅದು ಹಿಡಿದುಕೊಳ್ಳಬೇಕಾಗಿದ್ದದ್ದು ಭಾವನ ಗಣಿಯ ರೋಸ್ಟರನ್ನು, ಅಂದರೆ ಪಾಳಿಯ ಪಟ್ಟಿಯನ್ನು. ಭಾವ ಭೂವಿಜ್ಞಾನಿ: ಎರಡು ವಾರ ಉತ್ತರದ ಗಣಿಯಲ್ಲಿ, ಒಂದು ವಾರ ಪರ್ತ್ ನಗರದ ಹ್ಯಾರಿಸ್‌ಡೇಲ್‌ನ ಮನೆಯಲ್ಲಿ. ಆ ಮನೆಯಲ್ಲಿ ಉಳಿದಂತೆ ಅಕ್ಕ, ಅವಳ ಆರು ವರ್ಷದ ಮಗಳು ಇಂಚರ, ಮತ್ತು ಬೆಂಟ್ಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತ ಅವರ ಅನ್ನ ಉಣ್ಣುವ ನಾನು.

ಈ ಬಿಲ್ಲೆ ತಂದ ಇಟಲಿ ಪ್ರವಾಸದ ಮೂಲ ಪರ್ತ್‌ನ ಕನ್ನಡ ಕುಟುಂಬಗಳ ಭಾನುವಾರದ ಊಟ. ವಿದೇಶಕ್ಕೆ ಹೋಗಿಬಂದವರು ಬಿಸಿಬೇಳೆಬಾತಿನ ನಂತರ ಟಿವಿಯಲ್ಲಿ ತಮ್ಮ ಫೋಟೋಗಳನ್ನು ತೋರಿಸುವುದು ಅಲ್ಲಿನ ಸಂಪ್ರದಾಯ. ಮೂರು ಕುಟುಂಬಗಳು ಮೂರು ಸಲ ಒಂದೇ ಗುಲಾಬಿ ಮನೆಯ ಮುಂದೆ, ಒಂದೇ ಕಂಬಿ ಹಿಡಿದು, ಒಂದೇ ಕಡೆಗೆ ಕತ್ತು ವಾಲಿಸಿ ನಿಂತಿದ್ದನ್ನು ನಾವು ನೋಡಿದ್ದೆವು. ಅದನ್ನು ನೋಡಿ ಬುದ್ಧಿ ಬರಬೇಕಿತ್ತು. ಅಕ್ಕನಿಗೆ ಆಸೆ ಬಂತು. ವರ್ಷಕ್ಕೊಮ್ಮೆ ಸಿಗುವ ರಜೆಯನ್ನು ಭಾವ ಇದಕ್ಕೇ ಎತ್ತಿಟ್ಟರು. "ಈ ಸಲ ಪೂರ್ತಿ ನಿನ್ ಜೊತೇನೇ ಕಣೋ ಪುಟ್ಟ," ಎಂದು ಇಂಚರಳಿಗೆ ಮಾತು ಕೊಟ್ಟರು. ಆ ಮಾತನ್ನು ನಂಬಿದವಳು ಅವಳೊಬ್ಬಳೇ.

ಊರುಗಳ ವಿಷಯ ಹೇಳಬೇಕೆಂದರೆ, ದೂರದಿಂದ ನೋಡಿದರೆ ದಸರೆಯ ಗೊಂಬೆ ಕೂರಿಸಿದ ಮೆಟ್ಟಿಲುಗಳ ಹಾಗಿವೆ. ಹತ್ತಿರ ಹೋದರೆ ಗೊಂಬೆಗಳಿಗಿಂತ ನೋಡಲು ಬಂದವರೇ ಹೆಚ್ಚು. ಮನೆಗಳಿಗೆ ಬಳಿದ ಬಣ್ಣದಲ್ಲಿ ಮಿಠಾಯಿ ಅಂಗಡಿಯವನ ಧಾರಾಳವಿದೆ. ಫೋಟೋ ತೆಗೆಸಿಕೊಳ್ಳುವ ಜಾಗಕ್ಕೆ ಒಂದು ಸಾಲು. ಸಾಲಿನಲ್ಲಿ ನಿಂತವರು ಮುಂದಿನವರನ್ನು ಶಪಿಸುತ್ತ, ತಮ್ಮ ಸರದಿ ಬಂದೊಡನೆ ಲೋಕದಲ್ಲಿ ತಾವೊಬ್ಬರೇ ಎಂಬಂತೆ ದಿಗಂತ ನೋಡುತ್ತ ನಗುತ್ತಾರೆ. ನಾವೂ ನಕ್ಕೆವು. ಅಕ್ಕ ಐದು ಊರಿಗೆಂದು ಐದು ಬಣ್ಣದ ಕುರ್ತಾ ತಂದಿದ್ದಳು.

ಇದರ ಮೇಲೆ ಭಾವನ ಶಿಸ್ತು. ಗಣಿಯಲ್ಲಿ ಪ್ರತಿದಿನ ಕೆಲಸಕ್ಕೆ ಮುಂಚೆ ಎಲ್ಲರನ್ನೂ ನಿಲ್ಲಿಸಿ, ಇವತ್ತಿನ ಕೆಲಸವೇನು, ಅಪಾಯವೇನು ಎಂದು ಕೇಳುವ ಪದ್ಧತಿಯಿದೆ. ಅದಕ್ಕೆ ಪ್ರೀಸ್ಟಾರ್ಟ್ ಎನ್ನುತ್ತಾರೆ. ಭಾವ ಅದನ್ನು ಹೋಟೆಲಿನ ಕೋಣೆಯಲ್ಲೂ ಬಿಡಲಿಲ್ಲ. ಬೆಳಗ್ಗೆ ಏಳಕ್ಕೆ ನಮ್ಮನ್ನು ಮಂಚದ ಪಕ್ಕ ಸಾಲಾಗಿ ನಿಲ್ಲಿಸಿ, ರೈಲಿನ ವೇಳೆ ಓದಿ, "ಹ್ಯಾಝರ್ಡ್ಸ್ ಏನಾದ್ರೂ ಇದ್ಯಾ?" ಎಂದು ಕೇಳುತ್ತಿದ್ದರು. "ನೀವೇ," ಎಂದಳು ಅಕ್ಕ ಎರಡನೆಯ ದಿನ. ವರದಿ ಬರೆಯುವ ಕೆಲಸ ನನ್ನದು.

ಹಾಗಾಗಿ ನಾಲ್ಕು ಊರುಗಳ ಲೆಕ್ಕ ನನ್ನಲ್ಲಿ ಖಚಿತವಾಗಿದೆ. ಫೋಟೋ, ಒಂಬೈನೂರ ಹನ್ನೆರಡು. ಸಾಲಿನಲ್ಲಿ ನಿಂತದ್ದು, ಏಳು ಗಂಟೆ ಇಪ್ಪತ್ತು ನಿಮಿಷ. "ಕ್ಯಾನ್ ಐ ಗೋ ಇನ್ ದ ವಾಟರ್?" ಎಂದು ಇಂಚರ ಕೇಳಿದ್ದು, ಹತ್ತೊಂಬತ್ತು ಸಲ. "ಆಮೇಲೆ" ಎಂಬ ಉತ್ತರ, ಹತ್ತೊಂಬತ್ತು ಸಲ. ಶೂ ಒದ್ದೆಯಾಗುತ್ತದೆ, ರೈಲು ತಪ್ಪುತ್ತದೆ, ಬೆಳಕು ಹೋಗುತ್ತದೆ: ಕಾರಣಗಳನ್ನೂ ಪಟ್ಟಿ ಮಾಡಿದ್ದೇನೆ. ಅಷ್ಟು ಜನರನ್ನು ಜರೆದ ನಾನು ಪೆನ್ನು ಜೇಬಿಗಿಟ್ಟು ಆ ಮಗುವಿನ ಕೈ ಹಿಡಿದು ನಾಲ್ಕು ಹೆಜ್ಜೆ ಇಳಿದದ್ದು ಎಷ್ಟು ಸಲ ಎಂಬ ಕಾಲಂ ಮಾತ್ರ ನನ್ನ ಪುಸ್ತಕದಲ್ಲಿರಲಿಲ್ಲ.

ಐದನೆಯ ದಿನ ಭಾವ ಅಪಾಯದ ಪ್ರಶ್ನೆ ಕೇಳಿದಾಗ ಇಂಚರ ಶಾಲೆಯಲ್ಲಿ ಎತ್ತುವಂತೆ ಕೈ ಎತ್ತಿದಳು.

"ಟುಮಾರೋ ವಿ ಗೋ ಹೋಮ್. ದೆನ್ ಅಪ್ಪ ಗೋಸ್ ಬ್ಯಾಕ್ ಟು ಸೈಟ್."

ಸೈಟ್ ಎಂದರೆ ಗಣಿಯೇ. ಅಲ್ಲಿನ ನಿಯಮದ ಪ್ರಕಾರ ಯಾರಾದರೂ ಅಪಾಯ ಹೇಳಿದರೆ, ಅದಕ್ಕೆ ಪರಿಹಾರ ಹೇಳದೆ ಕೆಲಸ ಶುರುಮಾಡುವಂತಿಲ್ಲ. ಭಾವ ರೈಲಿನ ಚೀಟಿಯನ್ನು ಎರಡು ಸಲ ಮಡಿಚಿದರು, ಮತ್ತೆ ಬಿಚ್ಚಿದರು. ಆಮೇಲೆ ಮಂಚದ ಮೇಲೆ ಕೂತು ತಮ್ಮ ಶೂ ಕಳಚತೊಡಗಿದರು.

"ರೀ, ನೀಲಿ ಕುರ್ತಾ ಇಸ್ತ್ರಿ ಮಾಡಿಟ್ಟಿದ್ದೆ," ಎಂದಳು ಅಕ್ಕ.

"ಹಾಕ್ಕೊಂಡೇ ಬಾರೇ. ಒದ್ದೆ ಆಗತ್ತೆ ಅಷ್ಟೆ."

ಐದನೆಯ ಊರಿನ ರೈಲು ಹತ್ತಲಿಲ್ಲ. ನಾವು ತಂಗಿದ್ದ ನಾಲ್ಕನೆಯ ಊರಿನ ದೋಣಿಕಟ್ಟೆಯ ಪಕ್ಕ ಹತ್ತು ಮಾರು ಅಗಲದ ಕಲ್ಲಿನ ತೀರ. ನೀರು ತಣ್ಣಗೆ, ಕಲ್ಲುಗಳು ಚುಚ್ಚುತ್ತಿದ್ದವು. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಗೆ ಸಿಗುವ ಬಿಳಿ ಮರಳಿನ ಮುಂದೆ ಅದು ಏನೇನೂ ಅಲ್ಲ. ಭಾವ ಕಲ್ಲೊಂದನ್ನು ಎತ್ತಿ ಅದರ ಬಿಳಿ ಗೆರೆ ಹೇಗೆ ಬಂತೆಂದು ವಿವರಿಸಿದರು, ಇಂಚರ ಅದನ್ನು ಕಿತ್ತುಕೊಂಡು ನೀರಿಗೆಸೆದು, "ಅಗೇನ್, ಅಪ್ಪ!" ಎಂದಳು. ಮಧ್ಯಾಹ್ನದವರೆಗೂ ಅಗೇನ್. ನಾನೂ ಮಂಡಿಯವರೆಗೆ ಇಳಿದಿದ್ದೆ. ಎಷ್ಟು ಕಲ್ಲು ಎಸೆದರೋ ಎಣಿಸಲಿಲ್ಲ.

ಪರ್ತ್‌ಗೆ ಮರಳಿದ ಮೇಲಿನ ಭಾನುವಾರದ ಊಟದ ದಿನ ಭಾವ ಗಣಿಯಲ್ಲಿದ್ದರು. ನಾಲ್ಕು ಊರುಗಳ ಫೋಟೋ ಮುಗಿಯುತ್ತಲೇ ಆಂಟಿಯೊಬ್ಬರು ಹೌಹಾರಿದರು: "ಅಯ್ಯೋ, ಐದನೇದು ಮಿಸ್ ಮಾಡ್ಬಿಟ್ರಾ? ಅದೇ ಕಣ್ರೀ ಬೆಸ್ಟು!" ಅಕ್ಕ ಉಪ್ಪಿನಕಾಯಿ ಬಡಿಸುತ್ತ, "ನಿಮ್ಮದೇ ಫೋಟೋದಲ್ಲಿ ನೋಡಿದ್ವಲ್ಲ ಆಂಟಿ," ಎಂದಳು. ಈ ಪ್ರವಾಸದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಾಕ್ಯ ಅದು.

ಆರು ವಾರ ಕಳೆದ ಮೇಲೆ ಒಂದು ದಿನ ನೋಡಿದರೆ ರೋಸ್ಟರ್ ಫ್ರಿಜ್ಜಿನ ಪಕ್ಕಕ್ಕೆ ಟೇಪಿನಲ್ಲಿ ಅಂಟಿತ್ತು. ಬಿಲ್ಲೆಯ ಕೆಳಗೆ ನನ್ನ ದಿನಚರಿಯಿಂದ ಹರಿದ ಹಾಳೆಯೊಂದು, ಇಂಚರಳ ಕೈಗೆಟುಕುವ ಎತ್ತರದಲ್ಲಿ: ಐದನೆಯ ದಿನದ್ದು, ತುದಿ ನೀರಿನಲ್ಲಿ ನೆಂದು ಉಬ್ಬಿದ್ದು, ಒಂದು ಅಂಕಿಯೂ ಇಲ್ಲದ್ದು. ಪುಸ್ತಕ ಹರಿದಿದ್ದಕ್ಕೆ ಬೈಯಬೇಕೆಂದು ಹೋದವನು ಬಾಗಿಲಿನ ಮೇಲೆ ಪೆನ್ಸಿಲಿನಿಂದ ಬಿಲ್ಲೆಯ ಸ್ಥಾನ ಗುರುತು ಮಾಡಿ ಬಂದೆ. ಎರಡು ವಾರವಾಯಿತು, ಜಾರಿಲ್ಲ. ಬಿಲ್ಲೆಗೆ ಬುದ್ಧಿ ಬಂತೆಂದಲ್ಲ. ರೋಸ್ಟರ್ ಮೂರು ಹಾಳೆಯದು, ಇದು ಒಂದೇ.