ಮೊರತೌರಿಯಂ

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಡಾಕ್ಟರು, ವಕೀಲರು, ಎಂಜಿನಿಯರುಗಳ ಸರ್ಟಿಫಿಕೇಟುಗಳೆಲ್ಲ ನನ್ನ ಕೈ ದಾಟಿಯೇ ಮುಂದೆ ಹೋಗಿವೆ. ಶ್ರೀರಂಗಪಟ್ಟಣದ ತಾಲೂಕು ಕಚೇರಿ ಎದುರಿಗೆ ನಮ್ಮದೊಂದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಮಾಡುವವರಿಗೆ ಓದಲು ಬರಲೇಬೇಕೆಂಬ ನಿಯಮವಿಲ್ಲ. ಹಾಳೆ ತಲೆಕೆಳಗಾಗಿದೆಯೋ ಇಲ್ಲವೋ ಗೊತ್ತಾದರೆ ಸಾಕು. ಹೀಗಾಗಿ ನೋಡಿದವರಿಗೆ ನಾನು ಬಹಳ ಬಲ್ಲವಳಂತೆ ಕಾಣುತ್ತೇನೆ. ಬಲ್ಲದ್ದು ಮಾತ್ರ ಬಹಳ ಕಡಿಮೆ.

ಒಂದು ವಿಷಯ ಬಲ್ಲೆ, ಅದು ಕಾಲೇಜು ಫೀಸು. ನಾವು ಅಂಗಡಿ ಇಟ್ಟ ಹೊಸದರಲ್ಲಿ ಫೀಸಿನ ಪಟ್ಟಿ ಅರ್ಧ ಹಾಳೆಗೇ ಮುಗಿಯುತ್ತಿತ್ತು. ಈಗ ಮೂರು ಹಾಳೆ, ಅದೂ ಎರಡೂ ಮಗ್ಗುಲು. ಬೋಧನೆಗೆ ಇಷ್ಟು, ಲ್ಯಾಬಿಗೆ ಇಷ್ಟು, ಲೈಬ್ರರಿಗೆ ಇಷ್ಟು, ಕೊನೆಯಲ್ಲಿ 'ಇತರೆ'. ಎಲ್ಲಕ್ಕಿಂತ ದಪ್ಪ ಮೊತ್ತ ಕೂತಿರುವುದು ಈ ಇತರೆಯ ಮುಂದೆಯೇ. ಮದುವೆ ಊಟದಲ್ಲಿ ಉಪ್ಪಿನಕಾಯಿಯನ್ನೇ ಎಲೆ ತುಂಬ ಬಡಿಸಿದ ಹಾಗೆ. ನಮ್ಮ ಯಜಮಾನರು ಅದನ್ನು ಜೆರಾಕ್ಸ್ ಮಾಡಿ ಕೊಡುವಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಕಾಲೇಜ್ನೋರೂ ಒಂದು ಮಿಷನ್ ಮಡಗವ್ರೆ ಕಣೆ. ಓದ್ ವರ್ಸದ ಪಟ್ಟಿ ಇಟ್ಬುಟ್ಟು ದೊಡ್ದು ಮಾಡೋ ಗುಂಡಿ ಒತ್ತಾರೆ, ಅಷ್ಟೇಯ."

ನಮ್ಮ ಮಿಷನ್ನಿನಲ್ಲೂ ಆ ಗುಂಡಿ ಇದೆ. ಆದರೆ ನಮ್ಮ ದರ ಹಾಳೆಗೆ ಎರಡೇ ರೂಪಾಯಿ. ಮೂರು ಅಂದರೆ ಜನ ಪಕ್ಕದ ಅಂಗಡಿಗೆ ನಡೆಯುತ್ತಾರೆ. ಕಾಲೇಜಿನವರಿಗೆ ಪಕ್ಕದ ಅಂಗಡಿಯ ಭಯವಿಲ್ಲ, ಏಕೆಂದರೆ ಪಕ್ಕದ ಅಂಗಡಿಯೂ ಅದೇ ಗುಂಡಿ ಒತ್ತಿರುತ್ತದೆ.

ಯಜಮಾನರು ತೀರಿಕೊಂಡದ್ದು ಹೋದ ವರ್ಷದ ಸಂಕ್ರಾಂತಿ ಕಳೆದ ವಾರ. ಅದಕ್ಕೆ ಐದು ತಿಂಗಳ ಹಿಂದೆ ಲಕ್ವ ಹೊಡೆದು ಅವರ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಫಿಸಿಯೋಥೆರಪಿ ಓದಿದ ಒಬ್ಬ ಹುಡುಗಿ ದಿನಾ ಮನೆಗೆ ಬಂದು ರಬ್ಬರ್ ಚೆಂಡು ಹಿಸುಕಿಸಿ, ಬೆರಳು ಬಿಡಿಸಿ, ಆ ಕೈಗೆ ಒಂದನೇ ಕ್ಲಾಸಿನಿಂದ ಪಾಠ ಹೇಳಿಕೊಟ್ಟಳು. ನಮ್ಮ ಮಗಳು ಸಿಂಚನ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ನಾಲ್ಕನೇ ತಿಂಗಳು ಅವರು ಅಂಗಡಿಗೆ ಬಂದು ತಮ್ಮ ಬಲಗೈ ಹೆಬ್ಬೆರಳಿನಿಂದಲೇ ಮಿಷನ್ನಿನ ಹಸಿರು ಗುಂಡಿ ಒತ್ತಿದರು. ಗಾಜಿನ ಮೇಲೆ ಹಾಳೆ ಇರಲಿಲ್ಲ. ತಮ್ಮ ಎಡಗೈಯನ್ನೇ ಇಟ್ಟಿದ್ದರು. ಅಂಗೈಯ ಜೆರಾಕ್ಸ್ ಬಂತು. "ನೋಡೇ, ಈ ಕೈ ಆ ಕೈದು ಫೋಟೋ ತಗೀತು" ಎಂದು ನಕ್ಕರು. ಎರಡನೇ ಸಲ ಲಕ್ವ ಹೊಡೆದಾಗ ಪಾಠ ಹೇಳಲು ಯಾರಿಗೂ ಸಮಯ ಸಿಗಲಿಲ್ಲ.

ಸಿಂಚನ ಫಿಸಿಯೋಥೆರಪಿಯನ್ನೇ ಓದುತ್ತೇನೆ ಅಂದದ್ದು ಯಾಕೆಂದು ಇನ್ನು ವಿವರಿಸಬೇಕಾಗಿಲ್ಲ. ಮೈಸೂರಿನ ಒಂದು ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಆದರೆ ಸೀಟು ಸಿಗುವುದು ಪಾಂಡವಪುರದ ರೈಲು ಸ್ಟೇಷನ್ನಿನಲ್ಲಿ ಇಳಿದ ಹಾಗೆ. ಇಳಿದದ್ದು ನಿಜ, ಊರು ಇನ್ನೂ ಬಂದಿಲ್ಲ. ಊರಿಗೆ ಹೋಗುವ ದಾರಿಯ ಮೇಲೆ ಆ ಮೂರು ಹಾಳೆಯ ಪಟ್ಟಿ ಹಾಸಿಕೊಂಡಿರುತ್ತದೆ.

ಈ ದಾರಿಗೆ ಸಾಲ ಮಾಡಬಹುದೋ ಬಾರದೋ ಎನ್ನುವ ಚರ್ಚೆ ನಮ್ಮ ಅಂಗಡಿಯ ಬೆಂಚಿನ ಮೇಲೆ ವರ್ಷವರ್ಷವೂ ನಡೆಯುತ್ತದೆ. ಬೆಂಚಿನ ಈ ತುದಿ ಪತ್ರ ಬರಹಗಾರ ಸಿದ್ದಪ್ಪನವರದು. ಕೆ.ಆರ್.ಪೇಟೆ ಕಡೆಯವರು, ಕ್ರಯಪತ್ರದಿಂದ ಹಿಡಿದು ತಹಶೀಲ್ದಾರರಿಗೆ ಕೊಡುವ ಅರ್ಜಿಯವರೆಗೆ ಬರೆದುಕೊಡುತ್ತಾರೆ. ಆ ತುದಿ ಟೀ ಅಂಗಡಿಯ ರಾಮಣ್ಣನದು.

"ಓದೋ ಮಕ್ಳ ಸಾಲನೆಲ್ಲ ಸರ್ಕಾರ ಮನ್ನಾ ಮಾಡ್ಬೇಕು ಕಣ್ಲಾ. ಓದಿದ್ರಿಂದ ದೇಸಕ್ಕೇ ತಾನೆ ಉಪ್ಯೋಗ?" ಎನ್ನುತ್ತಾರೆ ಸಿದ್ದಪ್ಪ.

"ನಾನ್ ಓದ್ನಿಲ್ಲ, ಸಾಲಾನೂ ಮಾಡ್ನಿಲ್ಲ. ನಂಗೇನ್ ಮನ್ನಾ ಮಾಡಾನು ನಿನ್ ಸರ್ಕಾರ?"

"ನೀನು ಓದ್ದೇ ಇದ್ದುದ್ಕೆ ಈ ಟೀ ಕುಡುದು ದೇಸ ಅನ್ಬೋಸ್ತಾ ಅದೆ, ಸಾಲ್ದಾ?"

ಇಬ್ಬರಲ್ಲಿ ಯಾರು ಸರಿ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಸಿದ್ದಪ್ಪ ಮಾತಾಡುವಾಗ ಸಿದ್ದಪ್ಪ ಸರಿ, ರಾಮಣ್ಣ ಟೀ ಕೊಡುವಾಗ ರಾಮಣ್ಣ ಸರಿ. ಬೇರೆಯವರ ಮಕ್ಕಳ ವಿಷಯಕ್ಕೆ ಇಷ್ಟು ಸಾಕು. ನಮ್ಮ ಮಗಳೇ ಪಟ್ಟಿ ಹಿಡಿದು ನಿಂತಾಗ ಚರ್ಚೆ ಬೆಂಚಿನಿಂದ ಎದ್ದು ನಮ್ಮ ಮನೆಯೊಳಕ್ಕೆ ಬಂದು ಕೂತಿತು.

ಬ್ಯಾಂಕಿನ ಅರ್ಜಿಯನ್ನು ನಾನೇ ತುಂಬಿದೆ. ಬೇರೆಯವರಿಗೆ ಎಷ್ಟೋ ತುಂಬಿಕೊಟ್ಟಿದ್ದೇನೆ. 'ತಂದೆಯ ಹೆಸರು' ಅನ್ನುವ ಕಡೆ ನಮ್ಮ ಯಜಮಾನರ ಹೆಸರಿನ ಹಿಂದೆ 'ಲೇಟ್' ಎಂದು ಬರೆದದ್ದು ಮಾತ್ರ ಅದೇ ಮೊದಲ ಸಲ. ಪಕ್ಕದಲ್ಲಿ ನಮ್ಮ ಅತ್ತೆ ಕೂತಿದ್ದರು. ಎಪ್ಪತ್ತೆರಡು ವರ್ಷ, ನಿಂಗಮ್ಮ ಅಂತ ಹೆಸರು. ಬರೆದದ್ದನ್ನು ಓದಿ ಹೇಳು ಅಂದರು. ಓದಿದೆ.

"ಲೇಟು ಅಂತ ಯಾಕಮ್ಮಿ ಬರ್ದೆ? ನನ್ ಮಗ ಎಲ್ಲೋದ್ರೂ ಲೇಟಾಗೇ ಬತ್ತಿದ್ದ, ದಿಟ. ಅದ್ನ ಬ್ಯಾಂಕ್ನೋರ್ಗೂ ಯೋಳ್ಬೇಕಾ?"

ನಾನು ನಕ್ಕುಬಿಟ್ಟೆ. ಯಜಮಾನರು ಹೋದ ಮೇಲೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು. ಅತ್ತೆಗೆ ಇಂಗ್ಲಿಷ್ ಪದವೆಂದರೆ ಹೀಗೆಯೇ. ಕಿವಿಯೊಳಗೆ ಹೋಗುವಷ್ಟರಲ್ಲಿ ಅದು ಸೀರೆ ಉಟ್ಟು ಕುಂಕುಮ ಇಟ್ಟುಕೊಂಡು ನಮ್ಮ ಮನೆಯವಳೇ ಆಗಿಬಿಟ್ಟಿರುತ್ತದೆ.

ಬ್ಯಾಂಕಿಗೂ ಅವರು ಜೊತೆಗೆ ಬಂದರು. ಮ್ಯಾನೇಜರ್ ಆಂಧ್ರದ ಕಡೆಯ ಹೆಣ್ಣುಮಗಳು, ಕನ್ನಡ ನಿಧಾನವಾಗಿ ಆಡುತ್ತಾರೆ. ನಾನು ಪ್ರತಿಯೊಂದನ್ನೂ ಮೂರು ಮೂರು ಪ್ರತಿ ಜೆರಾಕ್ಸ್ ಮಾಡಿ ಒಯ್ದಿದ್ದೆ. ಮನೆಯಲ್ಲೇ ಮಿಷನ್ ಇದ್ದರೆ ಆಗುವುದೇ ಹೀಗೆ. ಹಾಳೆ ಮಗುಚುತ್ತ ಅವರು ಒಂದು ಕಡೆ ನಿಂತರು. "ಇದು ಯಾವ ದಾಖಲೆ ಅಮ್ಮ?" ಆ ಅಂಗೈಯ ಹಾಳೆ ಅದು ಹೇಗೋ ಸೇರಿಕೊಂಡುಬಿಟ್ಟಿತ್ತು. "ನಮ್ಮ ಯಜಮಾನರದು" ಅಂದೆ. ಅವರು ಅದನ್ನು ಮಡಿಕೆ ಬೀಳದಂತೆ ನನ್ನ ಕೈಗೆ ಕೊಟ್ಟರು.

ಆಮೇಲೆ ವಿವರಿಸಿದರು. ಮೊರಟೋರಿಯಂ ಇದೆ, ಹೆದರಬೇಡಿ. ಓದು ಮುಗಿಯುವವರೆಗೆ, ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಅಂಗಡಿಯ ಆದಾಯ ಸಾಲದು, ಜೊತೆಗೆ ಸಂಬಳದವರು ಯಾರಾದರೂ ಸಹಿ ಹಾಕಬೇಕು. "ನಿಮ್ಮ ಕಡೆಯವರು ಯಾರಿದ್ದಾರೆ?"

ನನ್ನ ಕಡೆಯವನು ಅಂದರೆ ಅಣ್ಣ ಬೋರೇಗೌಡ ಒಬ್ಬನೇ. ನಾಗಮಂಗಲದಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್. ಸಂಬಳವೂ ಇದೆ, ಮನಸ್ಸೂ ಇದೆ. ಇಲ್ಲದಿದ್ದದ್ದು ಕೇಳಲು ನನಗೆ ಬಾಯಿ. ನನ್ನ ಮದುವೆಯಾದ ವರ್ಷದಿಂದ ಒಂದು ಗೌರಿ ಹಬ್ಬವನ್ನೂ ತಪ್ಪಿಸದೆ ಅವನು ತವರಿನ ಬಾಗಿನ ತಂದುಕೊಟ್ಟವನು. ಅರಿಶಿನ ಸವರಿದ ಜೋಡಿ ಮೊರ, ಒಳಗೆ ಅಕ್ಕಿ, ಬೇಳೆ, ಬೆಲ್ಲ, ರವಿಕೆ ಕಣ, ಬಳೆ. ಹೋದ ವರ್ಷ ಬರಲಿಲ್ಲ. ಬಾಗಿನ ಮುತ್ತೈದೆಯರದು ಎನ್ನುತ್ತಾರೆ. ತರಬೇಕೋ ಬಾರದೋ ಎಂದು ಅವನಿಗೆ ತಿಳಿಯಲಿಲ್ಲ, ಬಾ ಅನ್ನಬೇಕೋ ಬಾರದೋ ಎಂದು ನನಗೆ ತಿಳಿಯಲಿಲ್ಲ. ಜಗಳವೇನೂ ಇಲ್ಲ. ಫೋನಿನಲ್ಲಿ ಮಳೆ ಬೆಳೆ ಮಾತಾಡುತ್ತೇವೆ. ಆದರೆ ಬಾಗಿನವನ್ನೇ ತರದವನ ಹತ್ತಿರ ಸಾಲಕ್ಕೆ ಸಹಿ ಹಾಕು ಎಂದು ಹೇಗೆ ಕೇಳುವುದು? ಕೇಳಿದರೆ ಅದನ್ನು ಕುಟುಕಿದ ಹಾಗಾಗುವುದಿಲ್ಲವೆ?

ಎರಡು ದಿನ ಯೋಚಿಸಿದೆ. ಶನಿವಾರದೊಳಗೆ ಸೀಟು ಖಾತ್ರಿ ಮಾಡದಿದ್ದರೆ ಅದು ಬೇರೆಯವರ ಪಾಲು. ಬುಧವಾರ ಬೆಳಿಗ್ಗೆ ತಿಂಡಿ ಹಾಕುತ್ತ ಸಿಂಚನಳಿಗೆ ಹೇಳಿದೆ: "ಪಾಂಡವಪುರದಲ್ಲೇ ಬಿ.ಎಸ್ಸಿ. ಸೇರ್ಕೊ ಮಗ. ಬಸ್ ಪಾಸಲ್ಲಿ ಹೋಗ್ಬರ್ಬೋದು."

"ಆಯ್ತಮ್ಮ" ಅಂದಳು.

ಅವಳು ಯಾವುದಕ್ಕೂ ಒಂದೇ ಮಾತಿಗೆ ಆಯ್ತು ಅನ್ನುವ ಮಗಳಲ್ಲ. ಒಂದು ಜೊತೆ ಚಪ್ಪಲಿಗೆ ಅರ್ಧ ದಿನ ವಾದ ಮಾಡುತ್ತಾಳೆ. ಆ 'ಆಯ್ತಮ್ಮ' ಅವಳ ತಟ್ಟೆಯಲ್ಲಿ ಉಳಿದ ಇಡ್ಲಿಯ ಹಾಗೆ ದಿನವಿಡೀ ನನ್ನ ಕಣ್ಣೆದುರೇ ಕೂತಿತ್ತು.

ಗುರುವಾರ ಅರ್ಜಿ ವಾಪಸು ತೆಗೆದುಕೊಳ್ಳಲೆಂದು ಮೂವರೂ ಬ್ಯಾಂಕಿಗೆ ಹೋದೆವು. ಒಳಗೆ ಕಾಲಿಟ್ಟರೆ ಟೋಕನ್ ಬೆಂಚಿನ ಮೇಲೆ ನಮ್ಮಣ್ಣ ಕೂತಿದ್ದಾನೆ! ಖಾಕಿ ಅಂಗಿ, ಪಕ್ಕದಲ್ಲಿ ಸಿಮೆಂಟ್ ಚೀಲ, ಚೀಲದ ಬಾಯಿಂದ ಇಣುಕುತ್ತಿರುವ ಅರಿಶಿನ ಬಣ್ಣದ ಮೊರ.

"ಯಾಕಣ್ಣ ಇಲ್ಲಿ?"

"ನಿಮ್ಮತ್ತೇನ್ನೇ ಕೇಳು. ಬ್ಯಾಂಕ್ನೋರು ಮೊರ ಕೇಳ್ತಾವ್ರೆ ಅಂತ ಫೋನ್ ಮಾಡ್ಸಿದ್ರು."

ನಡೆದದ್ದನ್ನು ಆಮೇಲೆ ಸಿದ್ದಪ್ಪ ಹೇಳಿದರು, ಫೋನು ಅವರದೇ. ಹಿಂದಿನ ದಿನ ಅತ್ತೆ ಅವರ ಫೋನಿನಿಂದ ನಾಗಮಂಗಲಕ್ಕೆ ಕರೆ ಮಾಡಿಸಿ, ಬೀದಿಗೆಲ್ಲ ಕೇಳುವಂತೆ ಹೀಗೆ ಹೇಳಿದ್ದರಂತೆ: "ಬೋರಣ್ಣ, ಬ್ಯಾಂಕಲ್ಲಿ ಮೊರತೌರಿಯಂ ಅಂತ ಒಂದದೆ ಕಣಪ್ಪ. ತೌರ್ನೋರು ಮೊರ ತಂದ್ರೆ ಮಗಿಗೆ ಸಾಲ ಕೊಡ್ತಾರೆ. ಅಂಗೇ ನಿನ್ ಸಂಬ್ಳದ ಚೀಟೀನೂ ತತ್ತಾ, ಅದ್ನೂ ಕೇಳ್ತಾವ್ರೆ. ಗುರ್ವಾರ ಬರ್ದೇ ಓದ್ರೆ ನಿಂಗೆ ತಂಗಿ ಇಲ್ಲ ಅನ್ಕೊತೀನಿ."

ಮೊರಟೋರಿಯಂ, ಮೊರ ತೌರಿಯಂ! ನಾನು ಬೆಪ್ಪಾಗಿ ನಿಂತಿರುವಾಗಲೇ ಅತ್ತೆ ಚೀಲ ಹೊರಿಸಿಕೊಂಡು ಮ್ಯಾನೇಜರ ಕೋಣೆಗೆ ನುಗ್ಗಿ, ಮೇಜಿನ ಮೇಲೆ ಜೋಡಿ ಮೊರ ಮಡಗಿಸಿ, "ತಕಳವ್ವ, ತೌರಿನ ಮೊರ ಬಂತು" ಅಂದರು. ಮ್ಯಾನೇಜರು ಮೊರ ನೋಡಿದರು, ಕಂಡಕ್ಟರನ್ನು ನೋಡಿದರು, ನನ್ನನ್ನು ನೋಡಿದರು. ಸಿಂಚನ ನಗು ತಡೆಯುತ್ತಲೇ ವಿವರಿಸಿದಳು. ಆಯಮ್ಮ ಕುರ್ಚಿಗೆ ಒರಗಿ ನಕ್ಕದ್ದೇ ನಕ್ಕದ್ದು. "ನಮ್ಮ ಕಡೆ ಇದನ್ನ ಚೇಟ ಅಂತಾರೆ" ಎಂದು ಮೊರದ ಅಂಚನ್ನೊಮ್ಮೆ ಸವರಿದರು. ಬ್ಯಾಂಕಿನವರು ಏನನ್ನೂ ತೆಗೆದುಕೊಳ್ಳಬಾರದಂತೆ. ಒಂದು ಚೂರು ಬೆಲ್ಲ ಮಾತ್ರ ಬಾಯಿಗೆ ಹಾಕಿಕೊಂಡು, "ಆ ಸಂಬಳದ ಚೀಟಿ ಕೊಡಿ ನೋಡೋಣ" ಎಂದು ಅಣ್ಣನಿಗೆ ಕೈ ಚಾಚಿದರು.

ಅಣ್ಣ ಸಹಿ ಹಾಕಿದ. ಟಿಕೆಟ್ ಹರಿದು ಹರಿದು ರೂಢಿಯಾದ ಕೈ, ಎಂಟು ಕಡೆಯ ಸಹಿ ಎರಡು ನಿಮಿಷಕ್ಕೆ ಮುಗಿಯಿತು. ಸಿಂಚನ ಹೊರಗೆ ಬಂದ ಕೂಡಲೇ, ಮೈಸೂರಿಗೆ ಹೋಗಲು ಹಳೆಯ ಬ್ಯಾಗು ಆಗುವುದಿಲ್ಲ, ಹೊಸದು ಬೇಕು ಎಂದು ವಾದ ಶುರುಮಾಡಿದಳು. ಬುಧವಾರದ ಆ 'ಆಯ್ತಮ್ಮ' ಅಲ್ಲಿಗೆ ಮುಗಿಯಿತು.

ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ಅಣ್ಣನನ್ನು ಕೇಳಿದೆ: "ಅತ್ತೆಗೆ ತಿಳಿಯಲ್ಲ ಸರಿ. ನಿನಗೂ ಬ್ಯಾಂಕ್ನೋರು ಮೊರ ಕೇಳಲ್ಲ ಅಂತ ಗೊತ್ತಾಗ್ಲಿಲ್ವಾ?"

ಅವನು ಬಸ್ಸಿನ ಬೋರ್ಡು ಓದುತ್ತ ನಿಂತ. ಆ ರೂಟಿನಲ್ಲಿ ಅವನೇ ಇಪ್ಪತ್ತು ವರ್ಷ ಓಡಾಡಿದ್ದಾನೆ, ಓದುವುದೇನೂ ಇರಲಿಲ್ಲ. "ಗೊತ್ತಾಗ್ದೇ ಏನು ಮಂಜಿ. ಓದ್ ವರ್ಸವೂ ಮೊರ ತಂದು ಮಡಗಿದ್ದೆ. ನಿಂಗೆ ನೋವಾದದು ಅಂತ ಅಟ್ಟಕ್ಕೆ ಆಕ್ಬುಟ್ಟೆ. ಬರಕೊಂದು ನೆಪ ಬೇಕಾಗಿತ್ತು, ಅಷ್ಟೇಯ." ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ, "ಬಳೆ ಮಗಳ್ಗೆ. ಮೊರ ನಿಂದೇಯ" ಎಂದು ಕೂಗಿದ.

ಆ ಮೊರದಲ್ಲಿ ಈಗ ಮನೆಯ ಅಕ್ಕಿ ಕೇರುತ್ತೇನೆ. ಕೇರುವುದು ಒಂದು ನಯವಾದ ವಿದ್ಯೆ, ಅದಕ್ಕೆ ಇನ್ನೂ ಯಾರೂ ಫೀಸು ಇಟ್ಟಿಲ್ಲ. ಬಲವಾಗಿ ಎಸೆದರೆ ಕಾಳೂ ಹೋಗುತ್ತದೆ, ಎಸೆಯದೇ ಇದ್ದರೆ ಹೊಟ್ಟೂ ಉಳಿಯುತ್ತದೆ. ಸಿದ್ದಪ್ಪ ರಾಮಣ್ಣರ ಚರ್ಚೆಯನ್ನು ಒಮ್ಮೊಮ್ಮೆ ಅದರಲ್ಲೇ ಹಾಕಿ ಕೇರಿ ನೋಡುತ್ತೇನೆ. ಫೀಸು ಹೀಗೆ ಉಬ್ಬಬಾರದು, ಅದು ಕಾಳು. ಮಗು ಓದಲೇಬೇಕು, ಅದೂ ಕಾಳು. ಸಾಲ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಮಾತ್ರ ಹಾರಿಯೂ ಹೋಗದೆ, ಮೊರದಲ್ಲಿ ನಿಲ್ಲಲೂ ನಿಲ್ಲದೆ ಅಂಚಿನಲ್ಲಿ ಕುಣಿಯುತ್ತದೆ. ಐದಾರು ವರ್ಷ ಕುಣಿಯಲಿ, ಅಲ್ಲಿಯವರೆಗೂ ಮೊರಟೋರಿಯಂ ಇದೆಯಲ್ಲ.

ದುಃಖಕ್ಕೂ ಅಂಥದೊಂದು ಇದೆ ಎಂದು ನನಗೆ ಈಗ ಅನಿಸುತ್ತದೆ. ಮೊದಲ ವರ್ಷ ಯಾರೂ ಏನೂ ಕೇಳುವುದಿಲ್ಲ. ಆಮೇಲೆ ನಗು, ಹಬ್ಬ, ಮಾತು ಎಂದು ಸ್ವಲ್ಪ ಸ್ವಲ್ಪವಾಗಿ ಕಟ್ಟುತ್ತ ಹೋಗಬೇಕು. ಜೊತೆಗೆ ಸಹಿ ಹಾಕುವವರು ಇದ್ದರೆ ಅದೇನೂ ಭಾರವಲ್ಲ.

ಅತ್ತೆಯ ವಿಷಯದಲ್ಲಿ ಮಾತ್ರ ನನಗೊಂದು ಅನುಮಾನ ಉಳಿದಿದೆ. ಮೊರಟೋರಿಯಂ ತಪ್ಪಾಗಿ ಕೇಳಿಸಿದವರಿಗೆ ಸಂಬಳದ ಚೀಟಿ ಮಾತ್ರ ಅಷ್ಟು ಸರಿಯಾಗಿ ಹೇಗೆ ಕೇಳಿಸಿತು? ಅವರು ಗಂಡನನ್ನು ಕಳೆದುಕೊಂಡು ಮೂವತ್ತು ವರ್ಷ. ಅಣ್ಣ ಬಂದು ಹೋದ ದಿನ ಆ ಮೊರವನ್ನು ಮಡಿಲಲ್ಲಿಟ್ಟುಕೊಂಡು, "ನನ್ ತೌರ್ನೋರು ಆ ವರ್ಸಕ್ಕೇ ನಿಲ್ಸ್ಬುಟ್ರು ಕಣಮ್ಮಿ. ಗಂಡ ಸತ್ರೆ ಅಣ್ಣತಮ್ಮದೀರೂ ಸತ್ತೋದಂಗಾ?" ಅಂದಿದ್ದರು. ಅದನ್ನು ನೆನೆದು ಮೊನ್ನೆ ಕೇಳಿಯೇಬಿಟ್ಟೆ: "ಅತ್ತೆ, ಅವತ್ತು ನಿಮಗೆ ನಿಜವಾಗಲೂ ಹಾಗೇ ಕೇಳಿಸ್ತಾ?"

ಅತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಇನ್ನೊಮ್ಮೆ ಕೇಳಿದೆ, ಸ್ವಲ್ಪ ಗಟ್ಟಿಯಾಗಿ. ಅತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಕೇಳಿಸಲಿಲ್ಲವಂತೆ.